ಯಾಹ್ವೆ ಮೊದಲಿನಿಂದಲೂ ಒಬ್ಬನೇ ದೇವರಾಗಿದ್ದನೇ?

ಪ್ರಾಚೀನ ಹೀಬ್ರೂಗಳು, ಅಂದರೆ ಇಸ್ರಾಯೇಲ್ ಜನ, ಆರಂಭದಿಂದಲೇ ತಮ್ಮ ದೇವರಾದ ಯಾಹ್ವೆಯೊಬ್ಬನನ್ನೇ ನಂಬಿದ್ದರೇ ಎಂದು ಕೇಳಿದ್ದೀರಿ. ಇಲ್ಲ ಎಂದೇ ನನ್ನ ಉತ್ತರ.

ಸೀನಾಯ್ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್‌ನಲ್ಲಿ 1970ರ ದಶಕದಲ್ಲಿ ಮಣ್ಣಿನ ದೊಡ್ಡ ಗುಡಾಣಗಳು ಸಿಕ್ಕವು; ಕ್ರಿ.ಪೂ. 800ರ ಆಸುಪಾಸಿನವು. ಅದರಲ್ಲೊಂದರ ಮೇಲೆ ಯಾರೋ ಶಾಯಿಯಲ್ಲಿ ಹಾರೈಕೆ ಬರೆದಿದ್ದಾರೆ: ಸಮಾರ್ಯದ (ಉತ್ತರ ಇಸ್ರಾಯೇಲ್ ರಾಜ್ಯದ ರಾಜಧಾನಿ) ಯಾಹ್ವೆಯ ಹೆಸರಿನಲ್ಲಿ, ಅವನ ಅಶೇರಾಳ ಹೆಸರಿನಲ್ಲಿ ನಿಮ್ಮನ್ನು ಹರಸುತ್ತೇನೆ ಎಂದು. ಅಶೇರಾ ಕಾನಾನ್ಯರ, ಅಂದರೆ ಈಗಿನ ಇಸ್ರೇಲ್, ಪ್ಯಾಲೆಸ್ಟೈನ್ ಸುತ್ತಲಿನ ಪ್ರಾಚೀನ ನಿವಾಸಿಗಳ ದೇವತೆ. ಆ ಪದ ಇಲ್ಲಿ ದೇವಿಯನ್ನೇ ಸೂಚಿಸುತ್ತದೆಯೋ ಅವಳ ಪೂಜಾಕಂಬವನ್ನೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಏನೇ ಇರಲಿ, ದಾರಿಹೋಕನೊಬ್ಬನ ಆ ಅಂಕುಡೊಂಕು ಅಕ್ಷರ ನನ್ನನ್ನು ಯಾವ ರಾಜಶಾಸನಕ್ಕಿಂತಲೂ ಹೆಚ್ಚು ಕಾಡಿದೆ.

ಇಸ್ರಾಯೇಲ್ ಎಂಬ ಹೆಸರನ್ನೇ ನೋಡಿ. ಕೊನೆಯಲ್ಲಿರುವ 'ಏಲ್' ಕಾನಾನ್ಯರ ಹಿರಿಯ ದೇವರ ಹೆಸರೂ ಹೌದು. ಈ ಜನರ ಅತಿ ಹಳೆಯ ಖಚಿತ ಉಲ್ಲೇಖ ಇರುವುದು ಈಜಿಪ್ಟಿನ ಮೆರ್ನೆಪ್ತಾನ ಶಾಸನದಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ. ಅವರು ಬಹುಮಟ್ಟಿಗೆ ಕಾನಾನಿನ ಒಳಗಿನಿಂದಲೇ ಮೂಡಿದವರು ಎಂಬುದು ಇಂದಿನ ಬಹುತೇಕ ಪುರಾತತ್ತ್ವಜ್ಞರ ಅಭಿಪ್ರಾಯ.

"ನನ್ನ ಹೊರತು ನಿನಗೆ ಬೇರೆ ದೇವರುಗಳು ಇರಬಾರದು" ಎಂಬ ಬೈಬಲಿನ ಆಜ್ಞೆಯನ್ನು ನಿಧಾನವಾಗಿ ಓದಿ. ಬೇರೆ ದೇವರುಗಳು ಇಲ್ಲವೆಂದು ಅದು ಹೇಳುವುದಿಲ್ಲ. ಇಲ್ಲವೇ ಇಲ್ಲ ಎಂಬ ದಿಟ್ಟ ಮಾತು ಮೊಳಗುವುದು ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ ಉತ್ತರಾರ್ಧದಲ್ಲಿ, ಈ ಜನ ಬ್ಯಾಬಿಲೋನಿನಲ್ಲಿ ಸೆರೆಯಲ್ಲಿದ್ದ ಕಾಲದಲ್ಲಿ.