ಆಂಪ್‌ನ ಗೇನ್ ತಿರುಗಿಸಿದರೂ ಸೌಂಡ್ ಜಾಸ್ತಿ ಆಗುತ್ತಲ್ಲ, ಮತ್ತೆ ವಾಲ್ಯೂಮ್‌ಗೂ ಅದಕ್ಕೂ ಏನು ವ್ಯತ್ಯಾಸ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಗೋಣಿಕೊಪ್ಪದಲ್ಲಿ ಜೀಪಿಗೆ ನಾಲ್ಕು ಚಾನಲ್ ಆಂಪ್ (ಸ್ಟೀರಿಯೋದ ಸಿಗ್ನಲ್ಲನ್ನು ಸ್ಪೀಕರ್ ಓಡಿಸುವಷ್ಟು ದೊಡ್ಡದು ಮಾಡುವ ಆಂಪ್ಲಿಫೈಯರ್) ಹಾಕಿಸಿದ್ದೀರಿ. ಹುಡ್ ಮೇಲೆ ಬೀಳುವ ಮಳೆಯ ಸದ್ದಿಗೆ ಹಾಡು ಕೇಳುತ್ತಿಲ್ಲ. ಫಿಟ್ ಮಾಡಿದವರು "ಗೇನ್ ಫುಲ್ ಇಟ್ಟುಕೊಳ್ಳಿ" ಅಂದಿದ್ದಾರೆ, ಇಡಬಹುದಾ ಅಂತ.

ಬೇಡ. ನಾನು ಮಡಿಕೇರಿ ಕಡೆ ಗಾಡಿಗಳಿಗೆ ಸೆಟ್ ಕೂರಿಸುವ ಕೆಲಸ ಮಾಡುತ್ತೇನೆ. ಸುಟ್ಟ ಟ್ವೀಟರ್ (ಕೀಚಲು ದನಿಯ ಸಣ್ಣ ಸ್ಪೀಕರ್) ಹಿಡಿದುಕೊಂಡು ಬರುವವರ ಗಾಡಿಯಲ್ಲಿ ನಾನು ಮೊದಲು ನೋಡುವುದೇ ಈ ಗೇನ್.

ಸ್ಟೀರಿಯೋದಿಂದ ಆಂಪ್‌ಗೆ ಆರ್‌ಸಿಎ ವೈರಿನಲ್ಲಿ ಬರುವ ಸಿಗ್ನಲ್ ಎಲ್ಲದರಲ್ಲೂ ಒಂದೇ ಇರುವುದಿಲ್ಲ. ಕೆಲವು 2 ವೋಲ್ಟ್ ಕೊಡುತ್ತವೆ, ಕೆಲವು 4 ಅಥವಾ 5. ಎಷ್ಟು ವೋಲ್ಟ್ ಬಂದಾಗ ನಾನು ಪೂರ್ತಿ ಪವರ್ ಕೊಡಬೇಕು ಅಂತ ಆಂಪ್‌ಗೆ ಗೊತ್ತಾಗಬೇಕಲ್ವಾ? ಅದನ್ನು ಹೇಳುವುದೇ ಗೇನ್. ಒಂದು ಸಲ ಹೊಂದಿಸಿ ಬಿಟ್ಟರೆ ಮುಗಿಯಿತು. ದಿನಾ ತಿರುಗಿಸಲಿಕ್ಕೆ ಇರುವುದು ವಾಲ್ಯೂಮ್.

ಗೇನ್ ಏರಿಸಿದರೆ ಆಂಪ್‌ನ ತಾಕತ್ತು ಏರುವುದಿಲ್ಲ. 50 ವ್ಯಾಟಿನದು 50 ವ್ಯಾಟಿನದೇ. ಆ ಮಿತಿ ವಾಲ್ಯೂಮ್ 30ರ ಬದಲು 12ಕ್ಕೇ ಬಂದುಬಿಡುತ್ತದೆ, ಅಷ್ಟೇ. ಅದಕ್ಕೇ "ಸೌಂಡ್ ಜಾಸ್ತಿ ಆಯ್ತು" ಅನ್ನಿಸುವುದು. ಅಲ್ಲಿಂದ ಮೇಲೆ ತಿರುಗಿಸಿದರೆ, ನೆರಳು ಮರಕ್ಕೆ ಮರಗಸಿ ಮಾಡಿದ ಹಾಗೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಹೀಗೆ ಚಪ್ಪಟೆಯಾದ ಅಲೆ ಸ್ಪೀಕರಿನ ಕಾಯಿಲನ್ನು ಜಾಸ್ತಿ ಬಿಸಿ ಮಾಡುತ್ತದೆ. ಮೊದಲು ಹೋಗುವುದು ಪಾಪದ ಟ್ವೀಟರ್. ಜೊತೆಗೆ ಗೇನ್ ಏರಿದಷ್ಟೂ ಹಿಸ್ ಅನ್ನುವ ಸದ್ದು, ಎಕ್ಸಿಲರೇಟರ್ ಒತ್ತಿದಾಗ ಬರುವ ಆಲ್ಟರ್ನೇಟರಿನ ಕುಯ್ಯ್ ಎರಡೂ ಮೇಲೇಳುತ್ತವೆ.

ಸೆಟ್ ಮಾಡುವುದಕ್ಕೆ ಮಾಮೂಲಿ ಮಲ್ಟಿಮೀಟರ್ ಸಾಕು. ಬಾಸ್ ಬೂಸ್ಟ್, ಲೌಡ್‌ನೆಸ್ ಆಫ್ ಮಾಡಿ, ಈಕ್ವಲೈಸರ್ ಫ್ಲ್ಯಾಟ್ ಇಡಿ. ಆಂಪ್‌ನ ಹೈಪಾಸ್ ಫಿಲ್ಟರನ್ನೂ (ಬಾಸ್ ತಡೆಯುವುದು) ಸದ್ಯಕ್ಕೆ ಆಫ್ ಮಾಡಿ, ಇಲ್ಲದಿದ್ದರೆ ಮುಂದೆ ಹಾಕುವ ಟೆಸ್ಟ್ ಟೋನನ್ನೇ ಅದು ತಿಂದುಹಾಕುತ್ತದೆ. ಸ್ಪೀಕರ್ ವೈರ್ ಬಿಚ್ಚಿ, ಗೇನ್ ಪೂರ್ತಿ ಕೆಳಗಿಳಿಸಿ. ಪೆನ್‌ಡ್ರೈವಿನಲ್ಲಿ 0 ಡಿಬಿಯ 50 ಹರ್ಟ್ಸ್ ಟೋನ್ (ಒಂದೇ ಸಮನೆ ಗುಂಯ್ ಅನ್ನುವ ಸದ್ದು) ಹಾಕಿ, ವಾಲ್ಯೂಮ್ ಮುಕ್ಕಾಲಿಗೆ ಇಡಿ. 40ರ ತನಕ ಇದ್ದರೆ 30. ಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು, ಒಂದು ಚಾನಲ್ಲಿನ ಸ್ಪೀಕರ್ ಟರ್ಮಿನಲ್ಲಿಗೆ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಲ್ಲಿ ಗೇನನ್ನು ನಿಧಾನಕ್ಕೆ ತಿರುಗಿಸಿ.

ಎಲ್ಲಿ ನಿಲ್ಲಿಸಬೇಕು? ವ್ಯಾಟನ್ನು ಸ್ಪೀಕರಿನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಆದರೆ 200, ಅಂದರೆ ಸುಮಾರು 14.1 ವೋಲ್ಟ್. ವ್ಯಾಟ್ ಅಂದರೆ ಆರ್‌ಎಂಎಸ್ ವ್ಯಾಟ್ (ಬಿಡದೆ ತಡೆದುಕೊಳ್ಳುವ ಪವರ್), ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ "ಮ್ಯಾಕ್ಸ್" ಅಲ್ಲ. ಆಂಪ್, ಸ್ಪೀಕರ್ ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನೇ ತೆಗೆದುಕೊಳ್ಳಿ.

ಮೀಟರ್ ಇಲ್ಲವಾ? ವಾಲ್ಯೂಮ್ ಅದೇ ಮುಕ್ಕಾಲಿಗೆ ಇಟ್ಟು, ಸ್ಪೀಕರ್ ಸಿಕ್ಕಿಸಿ, ಚೆನ್ನಾಗಿ ರೆಕಾರ್ಡ್ ಆದ ವಾಲಗ ಹಾಕಿ ಗೇನ್ ಏರಿಸುತ್ತಾ ಹೋಗಿ. ಕೊಂಬಿನ ದನಿ ಒಡೆದು ಕರ್ಕಶವಾಯಿತು ಅನ್ನಿಸಿದ ತಕ್ಷಣ ಸ್ವಲ್ಪ ಹಿಂದಕ್ಕೆ ತನ್ನಿ. ಬ್ಲೂಟೂತ್ ಆದರೆ ಫೋನಿನ ವಾಲ್ಯೂಮ್ ಫುಲ್ ಇರಲಿ. ಫೋನ್ ಅರ್ಧಕ್ಕಿಟ್ಟು ಗೇನ್ ಏರಿಸುವವರು ಬಹಳ ಜನ.

ಇನ್ನು ನಿಮ್ಮ ಮಳೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಬಾಸ್ ಬೂಸ್ಟ್ 6 ಡಿಬಿ ಏರಿಸಿದರೂ ಆ ಬಾಸಿಗೆ ನಾಲ್ಕು ಪಟ್ಟು ಪವರ್ ಬೇಕಾಗುತ್ತದೆ. ಆಂಪ್ ಎಲ್ಲಿಂದ ತಂದುಕೊಡುತ್ತದೆ? ಬಾಗಿಲಿಗೆ, ಫ್ಲೋರಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ, ಸ್ವಲ್ಪ ಜಾಸ್ತಿ ಸೆನ್ಸಿಟಿವಿಟಿ ಇರುವ (ಅಷ್ಟೇ ಪವರಿಗೆ ಜೋರಾಗಿ ಕೇಳುವ) ಸ್ಪೀಕರ್ ಹಾಕಿಸಿ. ಬಟ್ಟೆ ಹುಡ್ ಇದ್ದರೆ ಸಂಪಾಜೆ ಘಾಟಿಯ ಜಡಿಮಳೆಯಲ್ಲಿ ಅದೂ ಅಷ್ಟಕ್ಕಷ್ಟೇ, ಸುಳ್ಳು ಹೇಳುವುದಿಲ್ಲ.

ಸೆಟ್ ಆದಮೇಲೂ ಕುಯ್ಯ್ ಅನ್ನುತ್ತಿದ್ದರೆ ಆಂಪ್‌ನ ಅರ್ಥ್ ವೈರ್ ನೋಡಿ. ನಮ್ಮ ಥಂಡಿಗೆ ಆ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ. ಬಿಚ್ಚಿ, ಪೇಂಟ್ ಕೆರೆದು, ಬರಿ ತಗಡಿಗೆ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಬ್ಯಾಟರಿಯಿಂದ ಬರುವ ವೈರ್ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ.