ಶೇಕ್ಸ್‌ಪಿಯರನ 'ರಿಚರ್ಡ್ ದಿ ಥರ್ಡ್' ನಾಟಕದ ಪದಗಳೇ ಅರ್ಥವಾಗುತ್ತಿಲ್ಲ. ಪದಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಸಾಕಾ?

ಬೇಡ. ಪದಪಟ್ಟಿ ಮಾಡಲೇಬೇಡಿ. ನಾನು ಮಾಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹತ್ತನೇ ಕ್ಲಾಸಿನವರೆಗೆ ನನ್ನದು ಕನ್ನಡ ಮೀಡಿಯಂ. ಎಂ.ಎ. ಇಂಗ್ಲಿಷ್‌ನಲ್ಲಿ ಈ ನಾಟಕ ಎದುರಾದಾಗ ಎದೆ ಒಡೆದುಹೋಯಿತು. ಒಂದು ನೋಟ್‌ಬುಕ್ ತಂದು, ನಡುವೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಬರೆಯುತ್ತಾ ಹೋದೆ. ನೋಡಿದ ತಕ್ಷಣ ಗಾಬರಿ ಹುಟ್ಟಿಸುವ ಪದಗಳೆಲ್ಲ ಅದರಲ್ಲಿದ್ದವು. ಗೊತ್ತಿರುವ ಪದಗಳನ್ನು ಯಾಕೆ ಬರೆಯಬೇಕು ಅಂತ ಬಿಟ್ಟುಬಿಟ್ಟೆ. ಎಡವಿದ್ದು ಅಲ್ಲೇ.

ಪರೀಕ್ಷೆಯಲ್ಲಿ ಒಂದು ಸಾಲು ಕೊಟ್ಟಿದ್ದರು. ಕನ್ನಡ ಪೇಪರ್‌ನಲ್ಲಿ 'ಸಂದರ್ಭ ಸಹಿತ ವಿವರಿಸಿ' ಅಂತಾರಲ್ಲ, ಅದೇ ಥರ. ಸಾಲು ಇದು: 'ವಿದೌಟ್ ಕ್ಯಾರಕ್ಟರ್ಸ್, ಫೇಮ್ ಲಿವ್ಸ್ ಲಾಂಗ್.' ನನಗೆ ಖುಷಿಯೋ ಖುಷಿ. ಕ್ಯಾರಕ್ಟರ್ ಅಂದರೆ ನಡತೆ, ಎಷ್ಟು ಸುಲಭ! ನಡತೆ ಇಲ್ಲದವನಿಗೂ ಕೀರ್ತಿ ಉಳಿಯುತ್ತದೆ ಅಂತ ರಿಚರ್ಡ್ ತನ್ನ ದುಷ್ಟತನವನ್ನು ಸಮರ್ಥಿಸಿಕೊಳ್ಳುತ್ತಿದ್ದಾನೆ ಅಂತ ಎರಡು ಪುಟ ಕೊರೆದೆ. ಸೊನ್ನೆ ಬಂತು. ಆ ಪೇಪರ್‌ನಲ್ಲಿ ಫಸ್ಟ್ ಕ್ಲಾಸ್ ಕೈ ತಪ್ಪಿದ್ದು ಆ ಪ್ರಶ್ನೆಯಿಂದಲೇ.

ನಿಜವಾಗಿ ಅಲ್ಲಿ ನಡೆಯುವುದೇನು ನೋಡಿ. ಮೂರನೇ ಅಂಕದ ಮೊದಲ ದೃಶ್ಯ. ರಾಜ ತೀರಿಕೊಂಡಿದ್ದಾನೆ, ಪಟ್ಟ ಅವನ ಮಗ ಎಡ್ವರ್ಡ್‌ಗೆ ಬರಬೇಕು. ಚಿಕ್ಕಪ್ಪ ರಿಚರ್ಡ್ ಹುಡುಗನನ್ನು ಲಂಡನ್ ಟವರ್ ಎಂಬ ಕೋಟೆಗೆ ಕಳಿಸುವ ಸನ್ನಾಹದಲ್ಲಿದ್ದಾನೆ. 'ಇದನ್ನು ಕಟ್ಟಿಸಿದ್ದು ಜೂಲಿಯಸ್ ಸೀಸರಾ?' ಅಂತ ಹುಡುಗ ಕೇಳುತ್ತಾನೆ. (ಅಸಲಿಗೆ ಕಟ್ಟಿಸಲು ಶುರು ಮಾಡಿದವನು ಮೊದಲನೇ ವಿಲಿಯಂ, ಅದು ಬೇರೆ ಮಾತು.) ಸೀಸರ್ ಶುರು ಮಾಡಿದ್ದು ಅಂತ ಉತ್ತರ ಬಂದಾಗ ಹುಡುಗ ಬಿಡುವುದಿಲ್ಲ. ಬರೆದಿಟ್ಟ ದಾಖಲೆ ಇದೆಯಾ, ಇಲ್ಲ ಬಾಯಿಂದ ಬಾಯಿಗೆ ಬಂದ ಮಾತಾ? ಬರೆದಿಡದೇ ಹೋದರೂ ನಿಜ ಉಳಿಯಬೇಕಲ್ವಾ? ಇದನ್ನು ಕೇಳಿದ ರಿಚರ್ಡ್ ತನ್ನಷ್ಟಕ್ಕೆ ಗೊಣಗುತ್ತಾನೆ: ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಬುದ್ಧಿ ಇರುವವರು ಜಾಸ್ತಿ ದಿನ ಬದುಕುವುದಿಲ್ಲವಂತೆ. 'ಏನಂದಿರಿ ಚಿಕ್ಕಪ್ಪ?' ಅಂತಾನೆ ಹುಡುಗ. ಸಿಕ್ಕಿಬಿದ್ದ ರಿಚರ್ಡ್, ಗೊಣಗಿದ ಮಾತಿನ ಹಾಗೇ ಕೇಳಿಸುವ ಇನ್ನೊಂದು ಸಾಲು ಹೊಸೆದು ಜಾರಿಕೊಳ್ಳುತ್ತಾನೆ. ಅದೇ ನನ್ನ ಪರೀಕ್ಷೆಯ ಸಾಲು. ಕ್ಯಾರಕ್ಟರ್ಸ್ ಅಂದರೆ ಬರಹದ ಅಕ್ಷರಗಳು. ಬರೆದಿಡದಿದ್ದರೂ ಕೀರ್ತಿ ಬಾಳುತ್ತದೆ ಅಂದೆ ಮಗೂ, ಅಂತ! ಅದಾದ ಮೇಲೆ, ಹಳೆಯ ನೀತಿನಾಟಕಗಳ 'ವೈಸ್' ಎಂಬ ದುಷ್ಟನ ಹಾಗೆ ತಾನೂ ಒಂದೇ ಮಾತಿಗೆ ಎರಡು ಅರ್ಥ ಕಟ್ಟುತ್ತೇನೆ ಅಂತ ನಮ್ಮ ಮುಂದೆ ಜಂಬ ಬೇರೆ ಕೊಚ್ಚುತ್ತಾನೆ.

ಮೇಲಿನ ಹತ್ತಿಪ್ಪತ್ತು ಸಾಲು ನೆನಪಿದ್ದಿದ್ದರೆ ಆ ಅರ್ಥ ತಾನಾಗೇ ಹೊಳೆಯುತ್ತಿತ್ತು. ನನ್ನ ತಲೆಯಲ್ಲಿ ಇದ್ದದ್ದು ಪದಗಳು ಮಾತ್ರ. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದೇ ಇರಲಿಲ್ಲ.

ಈ ನಾಟಕ 1592–93ರ ಸುಮಾರಿನದು. ಕಷ್ಟದ ಪದಕ್ಕೆ ಪುಟದ ಕೆಳಗೆ ಟಿಪ್ಪಣಿ ಸಿಗುತ್ತದೆ, ಅದರ ಚಿಂತೆ ಬೇಡ. ಪರಿಚಿತ ಮುಖದ ಪದಗಳೇ ಮೋಸ ಮಾಡುವುದು. ಪ್ರೆಸೆಂಟ್ಲಿ ಅಂದರೆ ಆಗಿನ ಕಾಲಕ್ಕೆ ಈಗಿಂದೀಗಲೇ. ಸ್ಟಿಲ್ ಅಂದರೆ ಎಷ್ಟೋ ಕಡೆ ಯಾವಾಗಲೂ. ಫಾಂಡ್ ಅಂದರೆ ಹಲವು ಕಡೆ ಪೆದ್ದು. ಮೊದಲ ಭಾಷಣದಲ್ಲೇ ರಿಚರ್ಡ್ 'ಡಿಟರ್ಮಿನ್ಡ್ ಟು ಪ್ರೂವ್ ಎ ವಿಲನ್' ಅಂತಾನಲ್ಲ, ಅಲ್ಲಿ ದುಷ್ಟನಾಗಲು ನಾನೇ ತೀರ್ಮಾನಿಸಿದೆ ಅಂತಲೂ ಆಗುತ್ತದೆ, ನನ್ನ ಹಣೆಯಲ್ಲಿ ಅದೇ ಬರೆದಿತ್ತು ಅಂತಲೂ ಆಗುತ್ತದೆ.

ಇನ್ನೊಂದು ಮಾತು, ನಿಮಗೆ ಹಿಡಿಸದೇ ಇರಬಹುದು. ನಿಮ್ಮ ಕಷ್ಟ ಪದಗಳದ್ದು ಅಂತ ನನಗೆ ಅನ್ನಿಸುವುದೇ ಇಲ್ಲ. ನಾಲ್ಕನೇ ಅಂಕದಲ್ಲಿ ಹಿಂದಿನ ರಾಜ ಹೆನ್ರಿಯ ವಿಧವೆ ಮುದುಕಿ ಮಾರ್ಗರೆಟ್, ಟವರ್‌ಗೆ ಹೋದ ಹುಡುಗನ ತಾಯಿ ರಾಣಿ ಎಲಿಜಬೆತ್‌ಗೆ ಹೇಳುತ್ತಾಳೆ: ನನಗೊಬ್ಬ ಎಡ್ವರ್ಡ್ ಇದ್ದ, ಒಬ್ಬ ರಿಚರ್ಡ್ ಕೊಂದ. ನನಗೊಬ್ಬ ಹ್ಯಾರಿ ಇದ್ದ, ಒಬ್ಬ ರಿಚರ್ಡ್ ಕೊಂದ. ನಿನಗೊಬ್ಬ ಎಡ್ವರ್ಡ್ ಇದ್ದ, ಒಬ್ಬ ರಿಚರ್ಡ್ ಕೊಂದ. ನಿನಗೊಬ್ಬ ರಿಚರ್ಡ್ ಇದ್ದ, ಒಬ್ಬ ರಿಚರ್ಡ್ ಕೊಂದ. ಇದರಲ್ಲಿ ಒಂದಾದರೂ ಕಷ್ಟದ ಪದ ಇದೆಯಾ? ಆದರೂ ಮೊದಲ ಓದಿಗೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಹೇಳುವುದು, ಪಟ್ಟಕ್ಕಾಗಿ ಕಾದಾಡಿದ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ವಂಶಾವಳಿಯನ್ನು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಗ್ಲಾಸ್ಟರ್ ಅಂದರೂ ರಿಚರ್ಡೇ, ಕ್ಲಾರೆನ್ಸ್ ಅಂದರೆ ಅವನ ಅಣ್ಣ ಜಾರ್ಜ್. ಮಾರ್ಗರೆಟ್ ರಿಚರ್ಡ್‌ನನ್ನು ಹಂದಿ ಅಂತ ಬೈಯುವುದೂ ಸುಮ್ನೆ ಅಲ್ಲ, ಅವನ ಲಾಂಛನವೇ ಬಿಳಿ ಕಾಡುಹಂದಿ.

ನಮಗೆ ಒಂದು ಅನುಕೂಲ ಇದೆ. 'ದೌ' ಮತ್ತು 'ಯು' ನೋಡಿ ಈಗಿನ ಇಂಗ್ಲಿಷರೇ ತಬ್ಬಿಬ್ಬಾಗುತ್ತಾರೆ. ನಮಗೆ ನೀನು, ನೀವು ಅಂದರೆ ಮುಗಿಯಿತು. ದೇವರಿಗೂ ನೀನು, ಮಗುವಿಗೂ ನೀನು, ಜಗಳಕ್ಕೆ ನಿಂತವನಿಗೂ ನೀನು. ಮೊದಲ ಅಂಕದ ಎರಡನೇ ದೃಶ್ಯದಲ್ಲಿ ಆ್ಯನ್ ತನ್ನ ಗಂಡನನ್ನೂ ಮಾವನನ್ನೂ ಕೊಂದ ರಿಚರ್ಡ್‌ನಿಗೆ ನೀನು ದೆವ್ವ, ನೀನು ನೀಚ ಅಂತ ಉಗಿಯುತ್ತಾಳೆ. ಕೊನೆಗೆ ಅವನು ಎದೆ ತೆರೆದು, ಕತ್ತಿ ಕೊಟ್ಟು ಕೊಲ್ಲು ಅಂದಾಗ ಅವಳು ಮೆತ್ತಗಾಗುತ್ತಾಳೆ. ಆಗ ಬರುವ ಮಾತು 'ಪುಟ್ ಅಪ್ ಯುವರ್ ಸ್ವೋರ್ಡ್'. ಕತ್ತಿಯನ್ನು ಒರೆಗೆ ಹಾಕಿ ಅಂತ. ಬಹುವಚನ ಬಂದಲ್ಲೇ ಅವಳು ಸೋತಳು ಅಂತ ನಾವು ಓದಿಕೊಳ್ಳಬಹುದು, ಯಾವ ನಿಘಂಟೂ ಬೇಡ.

ಪರೀಕ್ಷೆ ಯಾವಾಗ ಅಂತ ನೀವು ಬರೆದಿಲ್ಲ. ಟೈಮ್ ಕಡಿಮೆ ಇದ್ದರೆ ಮೊದಲು ಹುಡುಗ ಎಡ್ವರ್ಡ್‌ನ ದೃಶ್ಯ, ಆ್ಯನ್ ದೃಶ್ಯ, ಈ ಎರಡನ್ನೂ ಜೋರಾಗಿ ಓದಿ. ಟಿಪ್ಪಣಿ ಅದೇ ಪುಟದಲ್ಲೋ ಎದುರು ಪುಟದಲ್ಲೋ ಇರುವ ಪ್ರತಿಯನ್ನೇ ತಗೊಳ್ಳಿ, ಕೊನೆಯಲ್ಲಿ ಗುಡ್ಡೆ ಹಾಕಿರುವುದು ಬೇಡ. ಮಾರ್ಗರೆಟ್ ಬರುವ ಆ ನಾಲ್ಕನೇ ಅಂಕದ ದೃಶ್ಯ ವಿಪರೀತ ಉದ್ದ, ಅದನ್ನು ಕೊನೆಗೆ ಇಟ್ಟುಕೊಳ್ಳಿ.