ಚಾಕುವಿನಿಂದ ಮರದಲ್ಲಿ ಹೂ ಕೆತ್ತುವಾಗ ಎಸಳಿನ ಒಂದು ಪಕ್ಕ ನುಣ್ಣಗೆ ಬರುತ್ತದೆ, ಇನ್ನೊಂದು ಪಕ್ಕ ಸಿಬಿರೇಳುತ್ತದೆ. ಯಾಕೆ?

ಆ ಪಕ್ಕದಲ್ಲಿ ನಿಮ್ಮ ಚಾಕು ಮರದ ಎಳೆಗೆ ಎದುರಾಗಿ ಹೋಗುತ್ತಿದೆ. ಚಾಕು ಮೊಂಡಾಗಿದ್ದರೆ ಇನ್ನೂ ಜಾಸ್ತಿ ಸಿಬಿರು.

ಮರ ಅಂದರೆ ಉದ್ದುದ್ದ ಎಳೆಗಳ ಕಟ್ಟು, ಪೊರಕೆ ಕಡ್ಡಿಗಳ ಹಾಗೆ. ಅಂಚಿನಿಂದ ತಗ್ಗಿನ ಕಡೆಗೆ ಇಳಿಯುತ್ತಾ ಕೆತ್ತಿದರೆ, ಕತ್ತರಿಸುವ ಪ್ರತಿ ಎಳೆಗೂ ಕೆಳಗಿನ ಎಳೆಯ ಆಸರೆ ಇರುತ್ತದೆ. ತೆಳ್ಳನೆ ಸುರುಳಿ ಏಳುತ್ತದೆ. ತಗ್ಗಿನಿಂದ ಮೇಲಕ್ಕೆ ತಳ್ಳಿದಿರೋ, ಅಲಗು ಎಳೆಗಳ ನಡುವೆ ಬೆಣೆಯಂತೆ ನುಗ್ಗುತ್ತದೆ. ಸೀಳು ಚಾಕುವಿಗಿಂತ ಮುಂದೆ ಓಡುತ್ತದೆ. ಸುಮ್ನೆ ಒತ್ತಿದರೆ ಎಸಳೇ ಹಾರಿಹೋಗುತ್ತದೆ!

ಹಾಗಾಗಿ ಎರಡೂ ಅಂಚಿನಿಂದ ನಡುವಿಗೆ ಕೆತ್ತಿ. ಅರ್ಧಕ್ಕೆ ನಿಲ್ಲಿಸಿ, ತುಂಡನ್ನು ತಿರುಗಿಸಿಕೊಳ್ಳಿ. ಕಲಿಯೋಕೆ ಸಾಗುವಾನಿ ಬೇಡ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರದಂಥ ಮೆತ್ತಗಿನ, ನಯವಾದ ಎಳೆಯ ಮರ ಸಿಕ್ಕರೆ ಕೈಗೆ ಸುಲಭ.